ಮುಂದೆ ಬಲಗಡೆ ಹೊತ್ತವನು

"ಉಂಗುರ ತೆಗೀರಿ," ಎಂದ ಗಾಸ್ಪರ್.

ಅಲೋ ದಿಯಾಸ್ ತನ್ನ ಎಡಗೈಯನ್ನು ಕಣ್ಣೆದುರು ಹಿಡಿದು, ಬೆರಳಲ್ಲಿ ಉಂಗುರವಿರುವುದು ಈಗಷ್ಟೇ ತಿಳಿಯಿತೆಂಬಂತೆ ನೋಡಿದ. ಕಡಲೆಕಾಳಿನ ಗಾತ್ರದ ಕೆಂಪು ಹರಳು. ತೆಗೆಯಲು ಸಾಬೂನು ಬೇಕಾಯಿತು. ಉಂಗುರದ ಹಿಂದೆ ಕೈಗಡಿಯಾರ, ಅದರ ಹಿಂದೆ ಕತ್ತಿನ ಸರ ಬಂತು. ಗಾಸ್ಪರ್ ಮೂರನ್ನೂ ಕರವಸ್ತ್ರದಲ್ಲಿ ಕಟ್ಟಿ ಕಪಾಟಿಗೆ ಹಾಕಿದ. ಆಮೇಲೆ ಗಾಳಿಯನ್ನು ಮೂಸಿ, ಮೂಲೆಯಲ್ಲಿದ್ದ ಸಮುದ್ರದ ನೀರಿನ ಬಕೆಟ್ ತೋರಿಸಿ, ಕತ್ತು ಕಂಕುಳು ತೊಳೆದುಕೊಳ್ಳಬೇಕೆಂದ.

"ಸ್ನಾನ ಮಾಡ್ಕೊಂಡೇ ಬಂದಿದೀನಿ, ಓಮ್." ಆ ಊರಲ್ಲಿ ವಯಸ್ಸಾದವರು ಎಲ್ಲರಿಗೂ ಓಮ್, ಅಂದರೆ ಮಾವ; ದೊಡ್ಡ ಮನುಷ್ಯರು ಬಾಪಾ, ಅಂದರೆ ಅಪ್ಪ.

"ಕಷ್ಟ ಆಗಿರೋದೇ ಅದು, ಬಾಪಾ. ಈ ಸೆಂಟಿನ ಮೇಲೆ ಮುಸುಕು ಹಾಕಿದ್ರೆ, ಒಳಗಿರೋದು ಯಾರು ಅಂತ ಮೀನು ಮಾರ್ಕೆಟ್ಟಿನ ನಾಯಿಗಳೂ ಹೇಳ್ತವೆ."

ಅಲೋ ನಕ್ಕ. ಜಿಲ್ಲಾ ಮಂಡಳಿಯ ಚುನಾವಣೆಗೆ ನಿಂತ ದಿನದಿಂದ ಅವನು ಯಾರು ಏನೆಂದರೂ ನಗುತ್ತಿದ್ದ. ಗಾಸ್ಪರನಿಗೆ ಆ ನಗು ಕಂಡರಾಗುತ್ತಿರಲಿಲ್ಲ. ನಗುತ್ತಿದ್ದದ್ದು ಹಲ್ಲು ಮಾತ್ರ. ಕಣ್ಣು ಎದುರಿನವನ ಮನೆಯಲ್ಲಿ ಓಟು ಹಾಕುವವರು ಎಷ್ಟು ಜನ ಎಂದು ನೋಡುತ್ತಿತ್ತು.

ವೈಲೆರೆನ್ ಊರಿನಲ್ಲಿ ಶುಭ ಶುಕ್ರವಾರದಂದು ಪ್ರಭುವಿನ ಶವಪೆಟ್ಟಿಗೆಯನ್ನು ಹೊರುವ ನಾಲ್ವರಿಗೆ ಮುಖವಿರುವುದಿಲ್ಲ. ಹಿಮ್ಮಡಿಯ ತನಕ ಬಿಳಿ ನಿಲುವಂಗಿ, ತಲೆಯಿಂದ ಎದೆಯ ತನಕ ಕೆಂಪು ಮುಸುಕು, ಕಣ್ಣಿಗೆ ಎರಡು ತೂತು, ಬರಿಗಾಲು. ಹೊರುವವರು ಹರಕೆ ಹೊತ್ತವರು. ಹೆಸರು ಬರೆಸಿ ವರ್ಷಗಟ್ಟಲೆ ಸರದಿ ಕಾದವರು. ಒಬ್ಬೊಬ್ಬರೇ ಇಪ್ಪತ್ತು ನಿಮಿಷದ ಅಂತರದಲ್ಲಿ ಇಗರ್ಜಿಯ ಹಿಂಬಾಗಿಲಿನಿಂದ ಬರುತ್ತಾರೆ. ಮುಸುಕು ಹಾಕಿಸಿಕೊಂಡವನು ಅದನ್ನು ತೆಗೆಯುವವರೆಗೆ ಬಾಯಿ ಬಿಡುವಂತಿಲ್ಲ. ಜೊತೆಗೆ ಹೊರುವ ಮೂವರು ಯಾರೆಂಬುದು ಅವನಿಗೂ ಗೊತ್ತಾಗುವುದಿಲ್ಲ. ಗೊತ್ತಿರುವುದು ಪಾದ್ರಿಗೆ ಮತ್ತು ಮುಸುಕುಗಳ ಪೆಟ್ಟಿಗೆಯ ಕೀಲಿ ಇಟ್ಟುಕೊಂಡವನಿಗೆ ಮಾತ್ರ. ಹೊತ್ತವನು ಸತ್ತ ದಿನ ಕೀಲಿಯವನು ಒಂದು ಕೆಂಪು ಮುಸುಕು ತಂದು ಹೆಣದ ಪೆಟ್ಟಿಗೆಯ ಮೇಲೆ ಹಾಸುತ್ತಾನೆ. ಓಹೋ, ಇವನೂ ಹೊತ್ತಿದ್ದನೇ ಎಂದು ಊರು ಆಗ ತಿಳಿದುಕೊಳ್ಳುತ್ತದೆ. ಅದಕ್ಕೆ ಮೊದಲೇ ಹೆಸರು ಹೊರಬಿದ್ದರೆ ಹೊತ್ತದ್ದು ಹೊತ್ತಂತಲ್ಲ, ಹರಕೆ ತೀರಿದಂತಲ್ಲ. ಹೆಸರು ಮತ್ತೆ ಪಟ್ಟಿಯ ಕೊನೆಗೆ ಹೋಗುತ್ತದೆ.

ಗಾಸ್ಪರನ ಬಳಿ ಆ ಕೀಲಿ ಇಪ್ಪತ್ತಾರು ವರ್ಷದಿಂದ ಇತ್ತು. ನೂರು ಮುಖಗಳನ್ನು ಅವನು ಮುಚ್ಚಿದ್ದ. ಒಂದು ಹೆಸರೂ ಬಾಯಿಂದ ಜಾರಿರಲಿಲ್ಲ. ಸ್ವಂತ ಭಾವಮೈದ ಎರಡು ಸಲ ಹೊತ್ತದ್ದನ್ನು ಹೆಂಡತಿಗೆ ಹೇಳದೆಯೇ ಅವಳನ್ನು ಮಣ್ಣು ಮಾಡಿದ್ದ. ಊರಿನಲ್ಲಿ ಯಾರ ಭಕ್ತಿಯೂ ಅವನ ಕಣ್ಣಿಗೆ ಭಕ್ತಿಯಾಗಿ ಕಾಣುತ್ತಿರಲಿಲ್ಲ. ಮೊದಲ ಸಾಲಿನಲ್ಲಿ ಮೊಣಕಾಲೂರುವ ಹೆಂಗಸರು, ಕಾಣಿಕೆ ಹಾಕುವಾಗ ನೋಟನ್ನು ಅಗಲ ಮಾಡಿ ಹಿಡಿಯುವ ಅಂಗಡಿಕಾರರು, ಎಲ್ಲರನ್ನೂ ಅವನು ಕಂಬದ ಮರೆಯಿಂದ ನೋಡಿ ತೂಗಿಟ್ಟಿದ್ದ. ತನ್ನ ಬಾಯೊಂದು ಮಾತ್ರ ಶುದ್ಧವಾಗಿದೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

ಅಲೋನ ಹೆಸರು ಸರದಿಯಿಂದ ಬಂದದ್ದಲ್ಲ. ಫೆಬ್ರವರಿಯಲ್ಲಿ ಪಾದ್ರಿ ರೋಮೊ ಎದ್ಮುಂದ್ ಅದನ್ನು ಪಟ್ಟಿಯ ತಲೆಯ ಮೇಲೆ ಬೇರೆ ಬಣ್ಣದ ಪೆನ್ನಿನಲ್ಲಿ ಬರೆದಿದ್ದರು. ಜನವರಿಯಲ್ಲಿ ಅಲೋ ಇಗರ್ಜಿಯ ಮಾಡಿಗೆ ಹೊಸ ತಗಡು ಹೊದಿಸಿದ್ದ. ಸರದಿಯಲ್ಲಿದ್ದ ಶಾಲಾ ಮೇಷ್ಟರನ್ನು ಮುಂದಿನ ವರ್ಷಕ್ಕೆ ತಳ್ಳಲಾಯಿತು. ಗಾಸ್ಪರ್ ಕೇಳಿದ್ದಕ್ಕೆ, ಸೋರುವ ಮಾಡಿನ ಕೆಳಗೆ ನಿಂತು ಪೂಜೆ ಮಾಡುವವರು ನೀವಲ್ಲವಲ್ಲ ಎಂದು ಪಾದ್ರಿ ಮಾತು ಮುಗಿಸಿದ್ದರು.

ನಿಲುವಂಗಿಯೊಳಗೆ ತಲೆ ತೂರಿಸುತ್ತ ಅಲೋ ಕೇಳಿದ: "ಮುಂದೆ ಬಲಗಡೆ ತಾನೆ, ಓಮ್? ನಮ್ಮ ಹುಡುಗರಿಗೆ ಹಾಗೇ ಹೇಳಿಬಿಟ್ಟಿದೀನಿ."

"ಏನು ಹೇಳಿದೀರಿ?"

"ಹೆಸರು ಹೇಳಿಲ್ಲಪ್ಪ. ನಿಯಮ ನಂಗೂ ಗೊತ್ತು. ಮುಂದೆ ಬಲಗಡೆಯವನ ಮೇಲೆ ಸ್ವಲ್ಪ ಕಣ್ಣಿಟ್ಟಿರಿ ಅಂದಿದೀನಿ, ಅಷ್ಟೆ. ಅರ್ಥ ಮಾಡ್ಕೊಳ್ಳೋರು ಮಾಡ್ಕೋತಾರೆ."

ಸತ್ತ ಮೇಲೆ ಸಿಗುವ ಹೊಗಳಿಕೆ ಈ ಮನುಷ್ಯನಿಗೆ ಐದು ವಾರದೊಳಗೆ, ಚುನಾವಣೆಗೆ ಮೊದಲೇ ಬೇಕು ಎಂದುಕೊಂಡ ಗಾಸ್ಪರ್. ಕೆಂಪು ಮುಸುಕನ್ನು ಅವನ ತಲೆಗೆ ಇಳಿಸಿದ. ಪರದೆ ಕಟ್ಟಿದ ಮೂಲೆಯೊಂದರಲ್ಲಿ ಕೂರಿಸಿ ಮುಂದಿನವನಿಗೆ ಬಾಗಿಲು ತೆರೆದ.

ನಾಲ್ಕನೆಯವನಾಗಿ ಬಂದದ್ದು ಮೀನುಗಾರ ಸಿಪ್ರಿ ಬೋಲಿ. ಐವತ್ತೆಂಟರ ಆಳು, ಮಾತು ಕಡಿಮೆ. ಬರಿಗಾಲಲ್ಲೇ ಬಂದಿದ್ದ; ಅವನಿಗೆ ಚಪ್ಪಲಿ ಇದ್ದದ್ದು ಮದುವೆ, ಸಾವಿಗೆ ಮಾತ್ರ. ಹೆಸರು ಬರೆಸುವಾಗ ಹರಕೆಯ ಕಾರಣ ಕೇಳುವುದು ಕೀಲಿಯವನ ಕರ್ತವ್ಯ. ಏಳು ವರ್ಷದ ಹಿಂದೆ ಸಿಪ್ರಿ ಕಾರಣವನ್ನು ಎರಡೇ ಮಾತಿನಲ್ಲಿ ಹೇಳಿದ್ದ. ಹೆಂಡತಿ ಮರ್ಸೆಲಾ ಹೊಟ್ಟೆಯ ರೋಗದಿಂದ ಜಿಲ್ಲಾ ಆಸ್ಪತ್ರೆಯಲ್ಲಿ ನಲವತ್ತು ದಿನದಿಂದ ಮಲಗಿದ್ದಾಳೆ, ಅವಳು ನಡೆದು ಮನೆಗೆ ಬಂದರೆ ಹೊರುತ್ತೇನೆ ಎಂದಿದ್ದ. ಆಮೇಲೆ ಬಾಗಿಲ ತನಕ ಹೋಗಿ ತಿರುಗಿ ಬಂದು, ಅವಳಿಗೂ ತಿಳಿಯಕೂಡದು ಎಂದು ಸೇರಿಸಿದ್ದ: "ಗೊತ್ತಾದ್ರೆ ಸಾಲ ಅಂದ್ಕೊಂಡು ಬದುಕ್ತಾಳೆ." ಮರ್ಸೆಲಾ ನಡೆದೇ ಬಂದಿದ್ದಳು.

ಮೂರು ಗಂಟೆಗೆ ಐದು ನಿಮಿಷವಿದ್ದಾಗ ಗಾಸ್ಪರ್ ನಾಲ್ವರನ್ನೂ ಶವಪೆಟ್ಟಿಗೆಯ ಬಳಿಗೆ ಕೈಹಿಡಿದು ತಂದು ನಿಲ್ಲಿಸಿದ. ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವವನು ಅವನೇ. ಸಿಪ್ರಿಯನ್ನು ಮುಂದೆ ಬಲಗಡೆ ನಿಲ್ಲಿಸಿದ. ಅಲೋನನ್ನು ಹಿಂದಕ್ಕೆ, ಎಡಗಡೆಗೆ ಎಳೆದ. ಮುಸುಕಿನೊಳಗಿನ ಮೈ ಸೆಟೆದು ನಿಂತಿತು, ಕೈ ಕೊಸರಿಕೊಂಡಿತು.

"ಮುಸುಕು ಹಾಕಿದ್ಮೇಲೆ ಮಾತಿಲ್ಲ," ಎಂದು ಗಾಸ್ಪರ್ ಅದರ ಕಿವಿಯ ಬಳಿ ಮೆತ್ತಗೆ ಹೇಳಿ, ಬೊಂಬನ್ನು ಹೆಗಲಿಗೆ ಕೊಟ್ಟ.

ಇಗರ್ಜಿಯಿಂದ ಕಡಲ ದಂಡೆಯ ಪ್ರಾರ್ಥನಾ ಮಂದಿರಕ್ಕೆ ಒಂದೂವರೆ ಕಿಲೋಮೀಟರ್, ನಡುವೆ ಎಂಟು ಕಡೆ ನಿಲುಗಡೆ. ಏಪ್ರಿಲ್ ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಆ ದಿನ ಗಂಟೆ ಹೊಡೆಯುವಂತಿಲ್ಲವಾದ್ದರಿಂದ ಗಾಸ್ಪರ್ ಮರದ ಗಿಲಕಿ ತಿರುಗಿಸುತ್ತ ಪೆಟ್ಟಿಗೆಯ ಪಕ್ಕದಲ್ಲೇ ನಡೆದ. ಕಪ್ಪು ಬಟ್ಟೆಯ ಹೆಂಗಸರು ರಸ್ತೆಯ ಎರಡೂ ಬದಿಗೆ ನಿಂತಿದ್ದರು. ಅಲೋನ ಕಡೆಯ ಆರೇಳು ಜನ ಮೊಬೈಲು ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ, ಮುಂದೆ ಬಲಗಡೆಯವನ ವಿಡಿಯೊ ತೆಗೆಯುತ್ತಿದ್ದರು. ಅದು ಅಲೋನೇ ಎಂಬ ಸುದ್ದಿ ಅವರಿಗಿಂತ ಮುಂದೆ ಓಡಿತ್ತು. ಸಿಪ್ರಿಯ ಕಾಲ ಬುಡಕ್ಕೆ ಮಾತ್ರ ಹೂವು ಬೀಳುತ್ತಿತ್ತು.

"ಕಾಲು ನೋಡೇ," ಎಂದಳು ಒಬ್ಬಳು, ಕಣ್ಣೊರೆಸಿಕೊಳ್ಳುತ್ತ. "ಎ.ಸಿ. ರೂಮಲ್ಲಿ ಇರೋ ಮನುಷ್ಯ. ಹಿಮ್ಮಡಿ ಹೇಗೆ ಒಡೆದಿದೆ ನೋಡು. ಎಷ್ಟು ತಿಂಗಳಿಂದ ಬರಿಗಾಲಲ್ಲಿ ನಡೆದು ರೂಢಿ ಮಾಡ್ಕೊಂಡಿದ್ದಾರೋ."

"ಹಿಂದಿನವನನ್ನ ನೋಡು, ಆ ಎಡಗಡೆಯವನನ್ನ," ಎಂದಳು ಪಕ್ಕದವಳು. "ಪ್ರಭುನ ಹೊರೋ ದಿನಾನೂ ಕುಡ್ಕೊಂಡು ಬಂದಿದಾನೆ, ಮುಂಡೇದು."

ಎಡಗಡೆಯವನು ಕುಡಿದಿರಲಿಲ್ಲ. ಕಾದ ಡಾಂಬರಿನ ಮೇಲೆ ಒಂದು ಹೆಜ್ಜೆ ಹಿಮ್ಮಡಿಯಲ್ಲೂ ಇನ್ನೊಂದು ಹೆಜ್ಜೆ ತುದಿಗಾಲಲ್ಲೂ ಇಡುತ್ತಿದ್ದ. ಗಾಸ್ಪರ್ ಗಿಲಕಿಯನ್ನು ಜೋರಾಗಿ ತಿರುಗಿಸಿದ, ಇಲ್ಲವಾದರೆ ನಗು ಹೊರಗೆ ಬರುತ್ತಿತ್ತು. ಪ್ರಭು ಸತ್ತ ದಿನ ಅವನಿಗೆ ಇಷ್ಟು ಖುಷಿಯಾದದ್ದು ಜೀವನದಲ್ಲಿ ಅದೇ ಮೊದಲು.

ಇಗರ್ಜಿಗೆ ಹಿಂದಿರುಗಿ ಮುಸುಕು ತೆಗೆದಾಗ ಅಲೋನ ಮುಖ ಅದೇ ಬಣ್ಣದಲ್ಲಿತ್ತು. ಅಂಗಾಲಿನಲ್ಲಿ ಮೂರು ಬೊಕ್ಕೆ ಎದ್ದಿದ್ದವು. ಅವನು ಕೂಗಾಡಲಿಲ್ಲ; ಉಂಗುರ ಹಾಕಿಕೊಳ್ಳುತ್ತ, ಇದನ್ನು ತಾನು ಮರೆಯುವುದಿಲ್ಲ ಎಂದಷ್ಟೇ ಹೇಳಿದ. ಹಿಂಬಾಗಿಲಲ್ಲಿ ಅವನ ಡ್ರೈವರು ಕಾಯುತ್ತಿದ್ದು ಮೊಬೈಲು ಮುಂದೆ ಹಿಡಿದ. ಅಲೋ ಅದನ್ನು ನೋಡಿದ, ಮತ್ತೊಮ್ಮೆ ಹಿಂದೆ ಸರಿಸಿ ನೋಡಿದ. ಗಾಸ್ಪರ್ ನೋಡುತ್ತಿದ್ದಂತೆಯೇ ಆ ಹಲ್ಲುಗಳು ಮೆಲ್ಲನೆ ಹೊರಗೆ ಬಂದವು.

ಪ್ರಭು ಮತ್ತೆ ಎದ್ದು ಬಂದ ಪಾಸ್ಕ ಹಬ್ಬದ ಭಾನುವಾರ ಪೂಜೆ ಮುಗಿಸಿ ಹೊರಬಂದ ಜನರಿಗೆ ಮಾರ್ಕೆಟ್ಟಿನ ಮೂರುದಾರಿಯಲ್ಲಿ ಎರಡಾಳೆತ್ತರದ ಬ್ಯಾನರ್ ಕಾಣಿಸಿತು. ಕೆಂಪು ಮುಸುಕು, ಬಿಳಿ ನಿಲುವಂಗಿ, ಹೂವಿನ ನಡುವೆ ಒಡೆದ ಎರಡು ಪಾದ. "ಮುಖ ಬೇಡ, ಹೆಸರು ಬೇಡ, ಸೇವೆಯೊಂದೇ ಸಾಕು" ಎಂದು ಬರೆದಿತ್ತು. ಮುಖ ಬೇಡವೆಂದ ಸಾಲಿನ ಪಕ್ಕ ಅಲೋನ ಮುಖವಿತ್ತು. ಕೆಳಗೆ ಅವನ ಹೆಸರಿತ್ತು, ಮತಪತ್ರದಲ್ಲಿನ ಅಂಕಿ ನಾಲ್ಕು ಇತ್ತು. ರೋಮೊ ಎದ್ಮುಂದ್ ಅದರ ಕೆಳಗೆ ನಿಂತು, ಇದರಲ್ಲಿ ಯಾರು ಹೊತ್ತರೆಂದು ಎಲ್ಲೂ ಹೇಳಿಲ್ಲವಾದ್ದರಿಂದ ನಿಯಮ ಮುರಿದಂತಾಗಲಿಲ್ಲ ಎಂದು ಕೇಳಿದವರಿಗೆಲ್ಲ ವಿವರಿಸಿದರು.

ಗಾಸ್ಪರ್ ಆ ದಿನ ಮೂರು ಸಲ ಮೂರುದಾರಿಗೆ ಹೋಗಿ ಬಂದ. ತಾನು ಅಲೋನಿಂದ ಕಿತ್ತುಕೊಂಡೆನೆಂದು ತಿಳಿದದ್ದನ್ನು ತಾನೇ ಅವನ ಕೈಗೆ ಕೊಟ್ಟಿದ್ದ. ಅಲೋ ಮುಂದೆ ನಿಂತಿದ್ದರೆ ಬೊಕ್ಕೆ ಎದ್ದ ಆ ಮೆತ್ತನೆಯ ಪಾದಕ್ಕೆ ಯಾರು ಅಳುತ್ತಿದ್ದರು? ಅತ್ತದ್ದು ಸಿಪ್ರಿಯ ಪಾದಕ್ಕೆ. ಈ ಯೋಚನೆ ಅವನನ್ನು ಸೋಮವಾರ ಮಧ್ಯಾಹ್ನದವರೆಗೆ ತಿಂದಿತು.

ಸೋಮವಾರ ರಜೆ. ಊರಿಗೆಲ್ಲ ತಾಂತಾ, ಅಂದರೆ ಅತ್ತೆ, ಆಗಿದ್ದ ಲೊದಿಯ ಶೇಂದಿ ಅಂಗಡಿಯ ಎರಡೂ ಬೆಂಚು ತುಂಬಿದ್ದವು. ಸಿಪ್ರಿ ಹೊರಗಡೆ ಹುಣಸೆ ಮರದ ನೆರಳಿನಲ್ಲಿ ನೆಲದ ಮೇಲೆ ಕೂತು ಬಲೆ ಹೆಣೆಯುತ್ತಿದ್ದ. ಪಕ್ಕದಲ್ಲಿ ಅರ್ಧ ಕರಟ ಶೇಂದಿ. ಮಾತು ಬ್ಯಾನರಿನ ಮೇಲೆಯೇ ಇತ್ತು. ತಗಡಿನ ಕತೆ, ಪಟ್ಟಿಯ ಕತೆ ಗೊತ್ತಿದ್ದವರೂ ಆ ಪಾದಗಳ ಮುಂದೆ ಸೋತಿದ್ದರು. ಹೋದ ಸಲ ಅಲೋನ ಎದುರಾಳಿಗೆ ಓಟು ಹಾಕಿದ ಮರಗೆಲಸದವನೊಬ್ಬ, ಈ ಸಲ ನಾಲ್ಕಕ್ಕೇ ಎಂದ. ಗಾಸ್ಪರ್ ಮೂರನೆಯ ಕರಟ ಮುಗಿಸಿದ್ದ.

ಲೊದಿ ನಾಲ್ಕನೆಯದನ್ನು ಸುರಿಯುತ್ತ ಅಂದಳು: "ನೀವು ಯಾರನ್ನೂ ಒಪ್ಪೋರಲ್ಲ ಬಿಡಿ, ಓಮ್. ಆದ್ರೆ ಆ ಕಾಲು ಸುಳ್ಳು ಹೇಳತ್ತಾ?"

"ಆ ಕಾಲು ಸುಳ್ಳು ಹೇಳಲ್ಲ," ಎಂದ ಗಾಸ್ಪರ್. "ಅಲ್ಲಿ ಮರದ ಕೆಳಗೆ ಚಾಚ್ಕೊಂಡು ಕೂತಿದೆ. ಹೋಗಿ ಕೇಳು."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಬೆಂಚಿನ ಮೇಲಿದ್ದವರ ಕುತ್ತಿಗೆಗಳು ಒಂದೊಂದಾಗಿ ಹುಣಸೆ ಮರದ ಕಡೆ ತಿರುಗಿದವು. ಗಾಸ್ಪರನಿಗೆ ನಿಲ್ಲಿಸಲಾಗಲಿಲ್ಲ. ಹಿಂದೆ ಎಡಗಡೆ ಕುಂಟುತ್ತಿದ್ದ ಕುಡುಕ ಯಾರೆಂದು ಹೇಳಿದ, ಬೊಕ್ಕೆ ಎಷ್ಟೆಂದು ಹೇಳಿದ, ಬಕೆಟ್ಟಿನ ನೀರಿನಲ್ಲಿ ಸೆಂಟು ತೊಳೆಸಿದ್ದನ್ನೂ ಹೇಳಿದ. ಅಂಗಡಿ ನಕ್ಕು ನಕ್ಕು ಬೆಂಚು ಅಲ್ಲಾಡಿತು. ಮರಗೆಲಸದವನು ಅವನ ಬೆನ್ನು ತಟ್ಟಿ ಐದನೆಯ ಕರಟ ತರಿಸಿದ. ಇಪ್ಪತ್ತಾರು ವರ್ಷದಲ್ಲಿ ಊರು ತನ್ನ ಮಾತನ್ನು ಹೀಗೆ ಬಾಯಿಬಿಟ್ಟು ಕೇಳಿದ್ದು ಗಾಸ್ಪರನಿಗೆ ನೆನಪಿರಲಿಲ್ಲ.

ಸಿಪ್ರಿ ಬಲೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಎದ್ದು ಬಂದ. ನಗು ತಗ್ಗಿತು.

"ಏಳು ವರ್ಷ, ಓಮ್," ಎಂದ. ಬೈಗುಳದ ದನಿಯಲ್ಲ, ಮರೆತವನಿಗೆ ನೆನಪು ಮಾಡಿಕೊಡುವ ದನಿ. ಲೊದಿಗೆ ಶೇಂದಿಯ ದುಡ್ಡು ಕೊಟ್ಟು ಹೋದ. ಕರಟದಲ್ಲಿ ಅರ್ಧ ಹಾಗೇ ಉಳಿದಿತ್ತು.

ಗಾಸ್ಪರ್ ಆ ಮೇಲೂ ಅಲ್ಲೇ ಕೂತಿದ್ದ. ತಡವಾಗಿ ಬಂದವರು ಕೇಳಿದರು, ಹೇಳಿದ. ಇನ್ನಿಬ್ಬರು ಬಂದರು. ಮೂರನೆಯ ಸಲ ಹೇಳುವಾಗ ಅಲೋನ ಬೊಕ್ಕೆಗಳು ಐದಾಗಿದ್ದವು.

ಅಲೋ ದಿಯಾಸ್ ಮುಖ ಮುಚ್ಚಿಕೊಂಡು ಓಡಾಡುತ್ತಾನೆ, ಬ್ಯಾನರ್ ರಾತ್ರೋರಾತ್ರಿ ಇಳಿಯುತ್ತದೆ ಎಂದು ಗಾಸ್ಪರ್ ಎಣಿಸಿದ್ದ. ಬ್ಯಾನರ್ ಇಳಿದದ್ದು ಬುಧವಾರ ಬೆಳಗ್ಗೆ, ಹೊಸದನ್ನು ಏರಿಸುವುದಕ್ಕಾಗಿ. ಮಂಗಳವಾರ ಮಧ್ಯಾಹ್ನ ಅಲೋನ ವಾಹನ ದಂಡೆಗೆ ಹೋಗಿ, ದೋಣಿ ಎಳೆಯುತ್ತಿದ್ದ ಸಿಪ್ರಿಯ ಎದುರು ನಿಂತಿತ್ತಂತೆ. ಅಲೋ ಇಳಿದು ಅವನನ್ನು ತಬ್ಬಿಕೊಂಡನಂತೆ. ಹೊಸ ಬ್ಯಾನರಿನಲ್ಲಿ ಅದೇ ಇತ್ತು: ಸಿಪ್ರಿಯ ಹೆಗಲ ಮೇಲೆ ಉಂಗುರದ ಕೈ, ಕೆಳಗೆ "ತಮ್ಮ ಮುಂದಿನ ಜಾಗವನ್ನು ಬಡವನಿಗೆ ಬಿಟ್ಟುಕೊಟ್ಟವರು". ಚಿತ್ರದಲ್ಲಿ ಸಿಪ್ರಿ, ಮೀನಿನ ದಲ್ಲಾಳಿ ತಕ್ಕಡಿ ನೋಡಿ ಮುಗಿಸುವುದನ್ನು ಕಾಯುವವನಂತೆ ನಿಂತಿದ್ದ. ಮೊದಲ ಬ್ಯಾನರಿಗೆ ಅತ್ತ ಹೆಂಗಸರು ಇದಕ್ಕೆ ಇನ್ನೊಂದಿಷ್ಟು ಅತ್ತರು. ಅಲೋ ಅವರು ಮುಂದೆ ನಿಲ್ಲಬಹುದಿತ್ತು, ಹಿಂದೆ ನಿಂತು ಕಾಲು ಸುಟ್ಟುಕೊಂಡರು ಎಂದರು. ಬೊಕ್ಕೆಗಳ ಕತೆ ಅವರಿಗೆ ಗಾಸ್ಪರನಿಂದಲೇ ಸಿಕ್ಕಿತ್ತು.

ಬುಧವಾರ ಸಂಜೆ ಗಾಸ್ಪರ್ ಪೆಟ್ಟಿಗೆಯ ಕೀಲಿಯನ್ನು ಪಾದ್ರಿಮನೆಗೆ ಒಯ್ದು ಮೇಜಿನ ಮೇಲಿಟ್ಟ. ತಾನು ಬಾಯಿ ಬಿಟ್ಟೆ, ಇನ್ನು ಇದು ತನ್ನ ಹತ್ತಿರ ಇರಕೂಡದು ಎಂದ. ರೋಮೊ ಎದ್ಮುಂದ್ ಬೈಯಲಿ, ಪೀಠದ ಮುಂದೆ ನಿಲ್ಲಿಸಿ ಊರಿಗೆಲ್ಲ ಹೇಳಲಿ ಎಂದು ದಾರಿಯುದ್ದಕ್ಕೂ ಸಿದ್ಧನಾಗಿ ಬಂದಿದ್ದ. ಪಾದ್ರಿ ಬಾಳೆಹಣ್ಣಿನ ಬಜ್ಜಿ ತಿನ್ನುತ್ತಿದ್ದರು; ತಟ್ಟೆಯನ್ನು ಅವನ ಕಡೆಗೂ ತಳ್ಳಿದರು.

"ಯಾಕೆ ಮನಸ್ಸಿಗೆ ಹಚ್ಕೋತೀರಿ, ಓಮ್? ಬಾಪಾ ಅಲೋಗೂ ಬೇಜಾರಿಲ್ಲ. ಕೊನೇಗೆ ಎಲ್ಲಾ ಒಳ್ಳೇದೇ ಆಯ್ತಲ್ಲ."

"ಸಿಪ್ರಿಗೆ?"

ಪಾದ್ರಿ ಬೆರಳು ಒರೆಸಿಕೊಂಡು ಪಟ್ಟಿ ತೆಗೆದರು. ನಿಯಮ ನಿಯಮವೇ ಎಂದರು. ಅಲೋಗೆ ಹರಕೆಯೇ ಇರಲಿಲ್ಲವಾದ್ದರಿಂದ ಅವನ ಹೆಸರು ಮತ್ತೆ ಬರೆಯುವ ಅಗತ್ಯವಿಲ್ಲ. ಸಿಪ್ರಿಯಾನುಸ್ ಬೋಲಿ ಎಂದು ಕೊನೆಯ ಸಾಲಿನಲ್ಲಿ ಬರೆದು, ಪೆನ್ನಿನ ತುದಿಯಿಂದ ಮೇಲಿನ ಹೆಸರುಗಳನ್ನು ಮುಟ್ಟುತ್ತ ಬಂದರು. ಮೂವತ್ತೆರಡನೆಯವನು. ವರ್ಷಕ್ಕೆ ನಾಲ್ವರು. ಅರವತ್ತಾರಕ್ಕೆ ಹೊರಬಹುದು, ಗಟ್ಟಿ ಆಳು ಎಂದರು. ಕೀಲಿಯನ್ನು ಅವನ ಕೈಗೇ ಹಿಂದಿರುಗಿಸಿದರು. ಮುಸುಕು ಒಗೆದು ಮಡಿಸಿಡುವುದು ಬೇರೆ ಯಾರಿಗೆ ಬರುತ್ತದೆ?

ಹೊರಗೆ ಬಂದ ಗಾಸ್ಪರನನ್ನು ಇಬ್ಬರು ಮಾತನಾಡಿಸಿದರು, ಇಬ್ಬರೂ ನಗುತ್ತ. ಒಬ್ಬ ಬಕೆಟ್ಟಿನ ಕತೆಯನ್ನು ಅವನ ಬಾಯಿಂದಲೇ ಕೇಳಬೇಕೆಂದ.

ಮರುದಿನ ಬೆಳಗ್ಗೆ ಎಂಟಕ್ಕೆ ಅವನು ದಂಡೆಯ ಸಿಪ್ರಿಯ ಮನೆಗೆ ಹೋದ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಸಿಪ್ರಿ ಬೈದರೆ ಸಾಕು ಅನಿಸಿತ್ತು. ಸಿಪ್ರಿ ಇರಲಿಲ್ಲ. ಮರ್ಸೆಲಾ ಅಂಗಳದಲ್ಲಿ ಬಿದಿರಿನ ತಟ್ಟಿಗಳ ಮೇಲೆ ಉಪ್ಪು ಹಾಕಿದ ಮೀನು ಹರಡಿ ಕೂತಿದ್ದಳು. ಅವರು ನಸುಕಿಗೇ ಸಮುದ್ರಕ್ಕೆ ಹೋದರು ಎಂದು ತಲೆಯೆತ್ತದೆ ಹೇಳಿದಳು. ಸೋಮವಾರದಿಂದ ಮನೆಯಲ್ಲಿ ಹೆಚ್ಚು ಮಾತಿಲ್ಲವಂತೆ, ಊಟ ಸರಿಯಾಗಿ ಮಾಡುತ್ತಾರಂತೆ. ಗಾಸ್ಪರ್ ನಿಂತೇ ಇದ್ದ. ಅವಳು ಮಣೆಯೊಂದನ್ನು ಕಾಲಿನಿಂದ ಅವನ ಕಡೆ ಸರಿಸಿದಳು.

"ನಂಗೆ ಬಾವಿಕಟ್ಟೆಯಲ್ಲಿ ಗೊತ್ತಾಯ್ತು, ಓಮ್," ಎಂದಳು. "ನಿನ್ನ ಗಂಡ ಹೊತ್ತಿದ್ದನಂತಲ್ಲೇ ಅಂದ್ರು. ಶುಕ್ರವಾರ ಹೆಗಲು ಕೆಂಪಾಗಿತ್ತು. ದೋಣಿ ತಾಗಿತು ಅಂದಿದ್ರು. ನಾನೇ ಎಣ್ಣೆ ಹಚ್ಚಿದ್ದೆ."

ಗಾಸ್ಪರ್ ಮಣೆಯ ಮೇಲೆ ಕೂತ.

"ಹೆಸರು ಬರೆಸೋವಾಗ ಕಾರಣ ಕೇಳ್ತೀರಂತೆ ನೀವು."

"ಕೇಳ್ತೀವಿ."

"ಏನು ಅಂದ್ರು?"

ಹೇಳಿದರೆ ಅವಳ ಮುಖ ಅರಳಬಹುದು. ಸಿಪ್ರಿ ಎಂದೂ ಹೇಳದ ಮಾತನ್ನು ತಾನು ತಂದು ಅವಳ ಮಡಿಲಿಗೆ ಹಾಕಿದಂತಾಗಬಹುದು. ಸೋಮವಾರದ್ದು ಅಷ್ಟರಮಟ್ಟಿಗೆ ತೊಳೆದು ಹೋಗಬಹುದು. ಆ ಎರಡು ಮಾತು ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಎಷ್ಟು ಸುಲಭವಾಗಿ ಬಂದು ನಿಂತಿವೆ ಎಂಬುದನ್ನು ಕಂಡೇ ಗಾಸ್ಪರ್ ಬಾಯಿ ಮುಚ್ಚಿದ.

"ನೆನಪಿಲ್ಲ," ಎಂದ ಕೊನೆಗೆ.

ಮರ್ಸೆಲಾ ಅವನನ್ನು ಮೊದಲ ಸಲ ದಿಟ್ಟಿಸಿ ನೋಡಿದಳು. ಆಮೇಲೆ ಸಮುದ್ರದ ಕಡೆ ನೋಡಿದಳು. ಕೊಲ್ಲಿಯಲ್ಲಿ ಹದಿನೈದೋ ಇಪ್ಪತ್ತೋ ದೋಣಿಗಳಿದ್ದವು. ಆ ದೂರಕ್ಕೆ ಯಾವುದು ಯಾರದೆಂದು ಹೇಳುವಂತಿರಲಿಲ್ಲ. ಅವಳು ಎರಡನೆಯ ತಟ್ಟಿಯನ್ನು ಅವನ ಮುಂದಕ್ಕೆ ಎಳೆದಳು. ಮೇಲಿನ ಮೈ ಒಣಗಿದ್ದ ಮೀನುಗಳನ್ನು ಗಾಸ್ಪರ್ ಬಾಲ ಹಿಡಿದು ಒಂದೊಂದಾಗಿ ಮಗುಚತೊಡಗಿದ. ಕೆಳಗಡೆ ಇನ್ನೂ ಹಸಿಯಾಗಿತ್ತು.